ಅಡಿಕೆ ತೋಟದ ನಕ್ಷೆ: ಫೋನಿನ ಜಿಪಿಎಸ್ ಮತ್ತು ಉಪಗ್ರಹ ಚಿತ್ರ ಸೇರಿಸಿ ಸರಿಯಾಗಿ ಅಳೆಯುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಸುತ್ತ ಫೋನ್ ಹಿಡಿದು ಒಮ್ಮೆಯಾದರೂ ನಡೆಯದ ಕೃಷಿಕರು ಈಗ ಕಡಿಮೆ. ಹನಿ ನೀರಾವರಿ ಪೈಪಿನ ಲೆಕ್ಕಕ್ಕೆ, ಎಲೆಚುಕ್ಕೆ ರೋಗ ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂದು ಗುರುತಿಸುವುದಕ್ಕೆ, ಅಣ್ಣತಮ್ಮಂದಿರ ಪಾಲಿನ ಅಂದಾಜಿಗೆ ಎಲ್ಲರಿಗೂ ನಕ್ಷೆ ಬೇಕು. ಆದರೆ ನಡೆದವರೆಲ್ಲ ಒಂದೇ ದೂರು ಹೇಳುತ್ತಾರೆ: ಪ್ರತಿ ಸಲವೂ ಬೇರೆ ಉತ್ತರ. ನಮ್ಮ ಪಕ್ಕದ ಮನೆಯ ಹಿರಿಯರು ಎರಡನೇ ಸಲ ಅಳೆಸಿದ ಮೇಲೆ ಕೇಳಿದ್ದು ಇಷ್ಟೇ: "ತಮಾ, ಹೋದ ಸಲ ಮೂವತ್ತೊಂದು ಗುಂಟೆ ಬಂದಿತ್ತಲ, ಈಗ ಮೂರು ಗುಂಟೆ ಎಲ್ಲಿ ಹೋತು?"

ಗುಂಟೆ ಎಲ್ಲಿಗೂ ಹೋಗಿರಲಿಲ್ಲ. ಅಳೆಯುವ ಕ್ರಮ ತಲೆಕೆಳಗಾಗಿತ್ತು. ಹೆಚ್ಚಿನವರು ಮೊದಲು ತೋಟಕ್ಕೆ ಇಳಿದು ಸುತ್ತು ಹಾಕಿ, ಆಮೇಲೆ ಮನೆಗೆ ಬಂದು ಚಿತ್ರದ ಮೇಲೆ ಕೂರಿಸಿ ನೋಡುತ್ತಾರೆ. ಗೆರೆ ಹಳ್ಳದ ಆಚೆ ಹೋಗಿರುತ್ತದೆ. ಆಗ ಜಿಪಿಎಸ್ ತಪ್ಪೋ ಚಿತ್ರ ತಪ್ಪೋ ತಿಳಿಯುವುದಿಲ್ಲ. ಎರಡೂ ತಪ್ಪು ಹೇಳುತ್ತವೆ, ಆದರೆ ತಪ್ಪುವ ರೀತಿ ಬೇರೆ. ಜಿಪಿಎಸ್ ತಪ್ಪು ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತದೆ, ಚೆಲ್ಲಾಪಿಲ್ಲಿಯಾಗಿರುತ್ತದೆ. ಚಿತ್ರದ ತಪ್ಪು ಇಡೀ ತೋಟವನ್ನೇ ಒಂದು ದಿಕ್ಕಿಗೆ ಸರಿಸಿಬಿಟ್ಟಿರುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಒಂದರಿಂದ ಇನ್ನೊಂದನ್ನು ತಿದ್ದಬಹುದು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ. ದಯವಿಟ್ಟು ಹಂತಗಳ ಅನುಕ್ರಮ ಬದಲಿಸಬೇಡಿ.

ಶುರು ಮಾಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಹೀಗೆ ಮಾಡಿದ ನಕ್ಷೆ ನಿಮ್ಮ ಕೆಲಸಕ್ಕೆ ಮಾತ್ರ, ಗಡಿ ತಕರಾರಿಗೆ ಇದು ಸಾಕ್ಷಿಯಲ್ಲ. ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ಕಾರಿ ಸರ್ವೆಯರ್ ಕೈಯಲ್ಲೇ ಅಳೆಸಬೇಕು. ಫೋನ್ ತೋರಿಸಿ ಪಕ್ಕದವರ ಬೇಲಿ ಕೀಳಿಸಲು ಹೋಗಬೇಡಿ.

ಬೇಕಾಗುವ ಸಾಮಾನು

ಆ್ಯಂಡ್ರಾಯ್ಡ್ ಫೋನ್ ಒಂದು. ಉಪಗ್ರಹಗಳು ಕಳಿಸುವ ಎಲ್1 ತರಂಗದ ಜೊತೆಗೆ ಎಲ್5 ತರಂಗವನ್ನೂ ಹಿಡಿಯುವ ಫೋನ್ ಆದರೆ ಒಳ್ಳೆಯದು, ಮರ ಗುಡ್ಡಗಳಿಗೆ ಬಡಿದು ಬರುವ ಸಂಕೇತದ ಗೊಂದಲ ಅದರಲ್ಲಿ ಕಡಿಮೆ. ನಿಮ್ಮ ಫೋನಿನಲ್ಲಿ ಅದು ಇದೆಯೇ ಎಂದು ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ತೋರಿಸುತ್ತದೆ. ಭಾರತದ ನಾವಿಕ್ ಉಪಗ್ರಹಗಳು ಕಾಣುತ್ತವೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

30 ಮೀಟರಿನ ಟೇಪ್ ಬೇಕೇ ಬೇಕು. ಇದನ್ನು ಬಿಟ್ಟು ಹೋದವರೇ ಹೆಚ್ಚು ಸೋತಿದ್ದಾರೆ. ಜೊತೆಗೆ ಒಬ್ಬ ಸಹಾಯಕ, ನೋಟುಪುಸ್ತಕ, ಪೆನ್ಸಿಲ್ (ಇಬ್ಬನಿಗೆ ಪೆನ್ನಿನ ಶಾಯಿ ಹರಡುತ್ತದೆ), ಕಲ್ಲಿನ ಮೇಲೆ ಗುರುತು ಹಾಕಲು ಬಣ್ಣ, ತೂಗುಗುಂಡು ಕಟ್ಟಿದ ದಾರ, ಕೈಯಲ್ಲಿ ಹಿಡಿಯುವ ದಿಕ್ಸೂಚಿ, ಎದೆಯೆತ್ತರದ ನಾಲ್ಕೈದು ಗಳ, ಪವರ್ ಬ್ಯಾಂಕ್. ಮಳೆಗಾಲ ಪೂರ್ತಿ ಮುಗಿದಿರದಿದ್ದರೆ ಉಂಬಳಕ್ಕೆ ಸುಣ್ಣ ಅಥವಾ ಉಪ್ಪು.

ಬಿಂದು ದಾಖಲಿಸಲು ಫೋನಿಗೆ ಕ್ಯೂಫೀಲ್ಡ್, ಕಂಪ್ಯೂಟರಿಗೆ ಉಪಗ್ರಹ ಚಿತ್ರ ನೋಡಲು ಗೂಗಲ್ ಅರ್ಥ್ ಪ್ರೊ, ನಕ್ಷೆ ಮಾಡಲು ಕ್ಯೂಜಿಐಎಸ್. ಮೂರೂ ಉಚಿತ.

ಹಂತ 1: ಪಹಣಿ ಓದಿ, ಅಂಕೆ ಸರಿಮಾಡಿಕೊಳ್ಳಿ

ಅಳೆದದ್ದನ್ನು ಯಾವುದಕ್ಕೆ ಹೋಲಿಸಬೇಕು ಎಂಬುದು ಮೊದಲೇ ಗೊತ್ತಿರಬೇಕು. ಪಹಣಿಯಲ್ಲಿ 2.14 ಎಂದಿದ್ದರೆ ಅದು 2 ಎಕರೆ 14 ಗುಂಟೆ, ದಶಮಾಂಶವಲ್ಲ. ಎಕರೆಗೆ 40 ಗುಂಟೆಯಾದ್ದರಿಂದ ದಶಮಾಂಶದಲ್ಲಿ ಅದು 2.35 ಎಕರೆ. ಆ್ಯಪ್ 2.35 ತೋರಿಸಿದಾಗ "ಅರೆ, ಎಂಟು ಗುಂಟೆ ಹೆಚ್ಚು ಬಂತು" ಎಂದು ಖುಷಿಪಟ್ಟವರನ್ನು ನಾನು ಕಂಡಿದ್ದೇನೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರಡಿ, ಸುಮಾರು 101 ಚದರ ಮೀಟರ್. ಗುಂಟೆಗೆ 16 ಆಣೆ. ಇಷ್ಟನ್ನು ನೋಟುಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಖರಾಬು ಎಷ್ಟಿದೆ ನೋಡಿ. ಹಳ್ಳ, ದಾರಿ, ಬಂಡೆಯ ಜಾಗ ಸರ್ವೆ ನಂಬರಿನ ಒಟ್ಟು ಕ್ಷೇತ್ರದಲ್ಲಿ ಸೇರಿರುತ್ತದೆ, ಸಾಗುವಳಿ ಕ್ಷೇತ್ರದಲ್ಲಿ ಇರುವುದಿಲ್ಲ. ನೀವು ಅಳೆಯುತ್ತಿರುವುದು ಯಾವುದು ಎಂದು ಈಗಲೇ ತೀರ್ಮಾನಿಸಿ. ಸೊಪ್ಪಿನ ಬೆಟ್ಟವನ್ನು ತೋಟದ ಜೊತೆ ಸೇರಿಸಿ ಅಳೆಯಬೇಡಿ, ಅದರ ದಾಖಲೆ ಬೇರೆ, ಹಕ್ಕೂ ಬೇರೆ.

ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದಕ್ಕೆ ಮಾತ್ರ ಬಳಸಿ. ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ ಗೆರೆಗಳವು, ಗಡಿಕಲ್ಲು ಹುಡುಕುವಷ್ಟು ನಿಖರವಲ್ಲ.

ಹಂತ 2: ಮನೆಯಲ್ಲೇ ಕುಳಿತು ಚಿತ್ರ ಆರಿಸಿ

ಗೂಗಲ್ ಅರ್ಥ್ ಪ್ರೊದಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ಗಡಿಯಾರದ ಗುಂಡಿ ಇದೆ. ಅದನ್ನು ಒತ್ತಿ ಜನವರಿಯಿಂದ ಮಾರ್ಚ್ ನಡುವಿನ ಚಿತ್ರಗಳನ್ನು ಹುಡುಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಡಿಸೆಂಬರಿನ ಚಿತ್ರ ಸ್ವಚ್ಛವಾಗಿದ್ದರೂ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಗುಡ್ಡದ ನೆರಳು ಕಣಿವೆಯ ತೋಟದ ಅಂಚನ್ನು ನುಂಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಟ್ಟದ ಮರಗಳು ಎಲೆ ಉದುರಿಸಿ, ಸದಾ ಹಸಿರಾದ ಅಡಿಕೆ ಬೇರೆಯಾಗಿ ಎದ್ದು ಕಾಣುತ್ತದೆ. ನನ್ನ ಆಯ್ಕೆ ಯಾವಾಗಲೂ ಇದೇ.

ಐದು ದಿನಕ್ಕೊಮ್ಮೆ ಹೊಸ ಚಿತ್ರ ಕೊಡುವ ಸೆಂಟಿನೆಲ್-2 ಉಪಗ್ರಹದ ಬಗ್ಗೆ ಹಲವರು ಕೇಳುತ್ತಾರೆ. ಅದರ ಒಂದು ಚುಕ್ಕೆ 10 ಮೀಟರಿಗೆ 10 ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ತೋಟದ ಯಾವ ಭಾಗ ಸೊರಗುತ್ತಿದೆ ಎಂದು ನೋಡಲು ಅದು ಒಳ್ಳೆಯದು, ಗಡಿ ಎಳೆಯಲು ಆಗದು.

ಚಿತ್ರ ಸಿಕ್ಕಮೇಲೆ ತೋಟದ ಹೊರ ಅಂಚನ್ನು ಗೆರೆ ಎಳೆದು ಕೆಎಂಎಲ್ ಕಡತವಾಗಿ (ನಕ್ಷೆಯ ಗೆರೆ, ಬಿಂದುಗಳನ್ನು ಇಡುವ ಕಡತ) ಉಳಿಸಿ. ಹೆಸರಿನಲ್ಲಿ ಚಿತ್ರದ ದಿನಾಂಕವೂ ಇರಲಿ, ಏಕೆಂದರೆ ಬೇರೆ ದಿನದ ಚಿತ್ರ ಬೇರೆ ದಿಕ್ಕಿಗೆ ಸರಿದಿರುತ್ತದೆ. ಗಡಿಯಾರದ ಗುಂಡಿ ಹಿಂದೆ ಮುಂದೆ ಮಾಡಿ ನಿಮ್ಮ ಮನೆಯ ಅಂಗಳವನ್ನೇ ನೋಡಿ, ಅದು ನೆಗೆದಾಡುವುದು ಕಾಣುತ್ತದೆ.

ಈ ಗೆರೆ ಕರಡು ಮಾತ್ರ. ಚಿತ್ರದಲ್ಲಿ ಕಾಣುವುದು ಸೋಗೆಯ ಅಂಚು, ನೆಲದ ಅಂಚಲ್ಲ. ಅಡಿಕೆ ಸೋಗೆ ಅಗಳದ (ಗಡಿಯ ಕಂದಕ) ಮೇಲೆ ಚಾಚಿರುತ್ತದೆ, ಇನ್ನೊಂದು ಬದಿಯಲ್ಲಿ ಬೆಟ್ಟದ ಮರ ತೋಟದ ಮೇಲೆ ಬಾಗಿರುತ್ತದೆ. ಎರಡು ಮೂರು ಮೀಟರ್ ವ್ಯತ್ಯಾಸ ಇಲ್ಲೇ ಹುಟ್ಟುತ್ತದೆ.

ಹಂತ 3: ಫೋನ್ ಸಿದ್ಧಮಾಡಿ

ಬ್ಯಾಟರಿ ಉಳಿಸುವ ವ್ಯವಸ್ಥೆ ಬಂದ್ ಮಾಡಿ. ಅದು ಚಾಲೂ ಇದ್ದರೆ ಪರದೆ ಆರಿದ ಕೂಡಲೇ ಜಿಪಿಎಸ್ ನಿದ್ದೆ ಹೋಗುತ್ತದೆ. ವೈಫೈ ಮತ್ತು ಬ್ಲೂಟೂತ್ ಹುಡುಕಾಟದಿಂದ ಸ್ಥಾನ ಊಹಿಸುವ ಸೌಲಭ್ಯವನ್ನೂ ನಿಲ್ಲಿಸಿ. ಆಯಸ್ಕಾಂತ ಇರುವ ಕವರ್ ತೆಗೆದಿಡಿ.

ನಿರ್ದೇಶಾಂಕಗಳನ್ನು ದಶಮಾಂಶ ಡಿಗ್ರಿಯಲ್ಲೇ ತೋರಿಸುವಂತೆ ಮಾಡಿ, ಕನಿಷ್ಠ ಆರು ಸ್ಥಾನ ಇರಲಿ. ಐದನೇ ಸ್ಥಾನ ಸುಮಾರು 1 ಮೀಟರ್, ಆರನೆಯದು 11 ಸೆಂಟಿಮೀಟರ್. ಡಿಗ್ರಿ-ನಿಮಿಷವನ್ನು ದಶಮಾಂಶ ಎಂದು ಓದುವ ತಪ್ಪು ತುಂಬ ಸಾಮಾನ್ಯ. ಶಿರಸಿಯ ಹತ್ತಿರದ 14 ಡಿಗ್ರಿ 37 ನಿಮಿಷ, 74 ಡಿಗ್ರಿ 50 ನಿಮಿಷ ಎಂಬುದನ್ನು 14.37, 74.50 ಎಂದು ಬರೆದರೆ ನಿಮ್ಮ ತೋಟ ಘಟ್ಟ ಇಳಿದು ಕುಮಟಾ–ಹೊನ್ನಾವರದ ಮಧ್ಯೆ ಹೋಗಿ ಕೂರುತ್ತದೆ.

ನೆಟ್‌ವರ್ಕ್ ಇಲ್ಲದ ಊರಿನವರು ಇನ್ನೊಂದು ಎಚ್ಚರ ವಹಿಸಬೇಕು. ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಫೋನ್ ಸಾಮಾನ್ಯವಾಗಿ ಇಂಟರ್ನೆಟ್ಟಿನಿಂದ ತರುತ್ತದೆ. ಅದು ಸಿಗದಿದ್ದರೆ ಉಪಗ್ರಹದಿಂದಲೇ ಪಡೆಯಬೇಕು, ಜಿಪಿಎಸ್‌ನ ಪೂರ್ಣ ಸಂದೇಶ ಬರಲು ಹನ್ನೆರಡೂವರೆ ನಿಮಿಷ ಬೇಕು. ಹಾಗಾಗಿ ಅಂಗಳದಲ್ಲಿ, ಆಕಾಶ ತೆರೆದಿರುವಲ್ಲಿ, ಹದಿನೈದು ನಿಮಿಷ ಫೋನ್ ಇಟ್ಟು ಆಮೇಲೆ ಹೊರಡಿ.

ಹಂತ 4: ಬಯಲಲ್ಲಿ ಆಧಾರ ಬಿಂದು ಹಿಡಿಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಇದಿಲ್ಲದೆ ಮುಂದಿನದೇನೂ ನಿಲ್ಲುವುದಿಲ್ಲ. ತೋಟಕ್ಕೆ ಇಳಿಯುವ ಮೊದಲು, ಅದರ ಸುತ್ತಮುತ್ತ ಆಕಾಶ ತೆರೆದಿರುವ ಐದಾರು ಜಾಗ ಆರಿಸಿ. ಅವು ನೆಲದಲ್ಲೂ ಚಿತ್ರದಲ್ಲೂ ಸ್ಪಷ್ಟವಾಗಿ ಕಾಣಬೇಕು. ರಸ್ತೆಯ ಮೋರಿಯ ಮೂಲೆ, ಕೆರೆಯ ಕಲ್ಲುಕಟ್ಟೆಯ ಮೂಲೆ, ಸಿಮೆಂಟು ಹಾಕಿದ ಅಡಿಕೆ ಒಣಗಿಸುವ ಅಂಗಳದ ಮೂಲೆ, ಗದ್ದೆಯ ಎರಡು ಹಾಳಿ ಕೂಡುವ ಜಾಗ. ಮನೆಯ ಮಾಡಿನ ಮೂಲೆ ಬೇಡ. ಉಪಗ್ರಹ ಓರೆಯಾಗಿ ನೋಡಿದಾಗ ಎತ್ತರದ ವಸ್ತು ಪಕ್ಕಕ್ಕೆ ವಾಲಿದಂತೆ ಚಿತ್ರಿತವಾಗುತ್ತದೆ, ನೆಲಮಟ್ಟದ್ದು ಮಾತ್ರ ನಂಬಿಕೆಗೆ ಯೋಗ್ಯ. ಬಿಂದುಗಳು ತೋಟದ ಒಂದೇ ಮಗ್ಗುಲಲ್ಲಿ ಗುಂಪಾಗಬಾರದು. ಕಣಿವೆಯ ತಳದಲ್ಲಿ ಎರಡಾದರೂ, ಮೇಲಿನ ಬೇಣದಲ್ಲಿ (ಹುಲ್ಲುಗಾವಲು) ಎರಡಾದರೂ ಇರಲಿ.

ಪ್ರತಿ ಬಿಂದುವಿನ ಮೇಲೆ ಫೋನನ್ನು ಗಳದ ತುದಿಗೆ ಕಟ್ಟಿ ನಿಲ್ಲಿಸಿ. ಕೈಯಲ್ಲಿ ಎದೆಯ ಹತ್ತಿರ ಹಿಡಿದರೆ ನಿಮ್ಮ ದೇಹವೇ ಅರ್ಧ ಆಕಾಶವನ್ನು ಮುಚ್ಚುತ್ತದೆ. ಕ್ಯೂಫೀಲ್ಡ್‌ನಲ್ಲಿ ಸರಾಸರಿ ತೆಗೆಯುವ ಸೌಲಭ್ಯ ಹಾಕಿ ಐದು ನಿಮಿಷ ಅಲುಗಾಡದೆ ಬಿಡಿ. ತಂತಿಯ ಕೆಳಗೆ ಉದ್ದ ಗಳ ಎತ್ತಬೇಡಿ, ಅಡಿಕೆ ಕೊಯ್ಯುವ ದೋಟಿಯನ್ನಂತೂ ಈ ಕೆಲಸಕ್ಕೆ ತರಲೇಬೇಡಿ. ದೋಟಿ, ಲೋಹದ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋಗಿದೆ. ಎದೆಯೆತ್ತರದ ಮರದ ಗಳ ಸಾಕು.

ಪರದೆಯ ಮೇಲೆ "ನಿಖರತೆ 4 ಮೀಟರ್" ಎಂದು ಬಂದರೆ ಅದನ್ನು ಭರವಸೆ ಎಂದು ತಿಳಿಯಬೇಡಿ. ಆ್ಯಂಡ್ರಾಯ್ಡ್ ಲೆಕ್ಕದಲ್ಲಿ ಅದರ ಅರ್ಥ, ನಿಜವಾದ ಜಾಗ ಆ ವೃತ್ತದೊಳಗಿರುವ ಸಾಧ್ಯತೆ ನೂರಕ್ಕೆ 68. ಮೂರರಲ್ಲಿ ಒಂದು ಸಲ ಅದರ ಹೊರಗೇ ಇರುತ್ತದೆ.

ಐದು ನಿಮಿಷದ ಸರಾಸರಿಯೂ ನಿಧಾನವಾಗಿ ಬದಲಾಗುವ ತಪ್ಪನ್ನು ತೊಳೆಯುವುದಿಲ್ಲ. ಅದಕ್ಕೇ ಪ್ರತಿ ಬಿಂದುವನ್ನು ಎರಡು ಸಲ, ಕನಿಷ್ಠ ಎರಡು ಗಂಟೆ ಬಿಟ್ಟು ಅಳೆಯಬೇಕು. ಮರುದಿನ ಅಳೆಯುವುದಾದರೆ ಬೇರೆ ಹೊತ್ತಿಗೆ ಹೋಗಿ. ಜಿಪಿಎಸ್ ಉಪಗ್ರಹಗಳು ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಅದೇ ಜಾಗಕ್ಕೆ ಮರಳುತ್ತವೆ, ನಿನ್ನೆಯ ಹೊತ್ತಿಗೇ ಹೋದರೆ ನಿನ್ನೆಯ ತಪ್ಪೇ ಮತ್ತೆ ಸಿಕ್ಕಿ "ಎರಡೂ ಸರಿಹೊಂದಿತು" ಎಂಬ ಭ್ರಮೆ ಹುಟ್ಟುತ್ತದೆ. ಭೂಮಧ್ಯರೇಖೆಗೆ ಹತ್ತಿರದ ನಮ್ಮ ಪ್ರದೇಶದಲ್ಲಿ ಅಯಾನುಗೋಳದ (ಸಂಕೇತವನ್ನು ತಡಮಾಡುವ ಮೇಲಿನ ವಾಯುಪದರ) ತೊಂದರೆ ಮಧ್ಯಾಹ್ನ ಮತ್ತು ಸೂರ್ಯ ಮುಳುಗಿದ ಮೇಲೆ ಹೆಚ್ಚು. ಬೆಳಿಗ್ಗೆ ಏಳರಿಂದ ಹತ್ತರ ತನಕದ ಹೊತ್ತು ಒಳ್ಳೆಯದು. ಇಬ್ಬನಿ ಇದ್ದರೂ ಚಿಂತೆಯಿಲ್ಲ, ಜಿಪಿಎಸ್‌ಗೆ ಮಂಜು ಅಡ್ಡಿಯಲ್ಲ. ಆದರೆ ನೀರು ತೊಟ್ಟಿಕ್ಕುವ ಹಸಿ ಎಲೆ ಅಡ್ಡಿ.

ಎರಡು ಅಳತೆಗಳ ನಡುವೆ 3 ಮೀಟರಿಗಿಂತ ಹೆಚ್ಚು ಅಂತರ ಬಂದರೆ ಮೂರನೆಯದು ತೆಗೆಯಿರಿ. ಆಗಲೂ ಹೊಂದದಿದ್ದರೆ ಆ ಬಿಂದು ಬಿಟ್ಟುಬಿಡಿ.

ಹಂತ 5: ಚಿತ್ರ ಎಷ್ಟು ಸರಿದಿದೆ ಎಂದು ಕಂಡುಹಿಡಿಯಿರಿ

ಈಗ ಮನೆಗೆ ಬಂದು ಕ್ಯೂಜಿಐಎಸ್ ತೆರೆಯಿರಿ. ಯೋಜನೆಯ (ಪ್ರಾಜೆಕ್ಟ್) ನಿರ್ದೇಶಾಂಕ ಪದ್ಧತಿಯನ್ನು ಡಬ್ಲ್ಯೂಜಿಎಸ್ 84, ಯುಟಿಎಂ ವಲಯ 43 ಉತ್ತರಕ್ಕೆ ಹೊಂದಿಸಿ. ಪಟ್ಟಿಯಲ್ಲಿ ಇದರ ಸಂಖ್ಯೆ ಇಪಿಎಸ್‌ಜಿ 32643, ಉತ್ತರ ಕನ್ನಡ ಪೂರ್ತಿ ಇದರೊಳಗೆ ಬರುತ್ತದೆ. ಇದರಿಂದ ಎಲ್ಲ ಅಳತೆ ಮೀಟರಿನಲ್ಲಿ ಸಿಗುತ್ತದೆ.

ಪ್ರತಿ ಆಧಾರ ಬಿಂದುವಿಗೂ ಜಿಪಿಎಸ್ ಹೇಳಿದ ಜಾಗ ಮತ್ತು ಚಿತ್ರದಲ್ಲಿ ಕಾಣುವ ಜಾಗ ಎರಡನ್ನೂ ಬರೆದು, ಪೂರ್ವ-ಪಶ್ಚಿಮ ಎಷ್ಟು, ಉತ್ತರ-ದಕ್ಷಿಣ ಎಷ್ಟು ವ್ಯತ್ಯಾಸ ಎಂದು ಎರಡು ಕಾಲಮ್ಮಿನಲ್ಲಿ ಹಾಕಿ. ಉದಾಹರಣೆಗೆ ಆರು ಬಿಂದುಗಳಲ್ಲಿ ಐದು, ಚಿತ್ರ ಮೂರರಿಂದ ನಾಲ್ಕು ಮೀಟರ್ ಪೂರ್ವಕ್ಕೆ ಸರಿದಿದೆ ಎನ್ನುತ್ತವೆ; ಒಂದು ಮಾತ್ರ ಒಂಬತ್ತು ಮೀಟರ್ ದಕ್ಷಿಣಕ್ಕೆ ಎನ್ನುತ್ತದೆ. ಐದು ಒಂದೇ ಮಾತು ಹೇಳುತ್ತಿರುವುದರಿಂದ ಅದು ಚಿತ್ರದ ತಪ್ಪು. ಆರನೆಯದು ಜಿಪಿಎಸ್ ತಪ್ಪು, ಅಥವಾ ನೀವು ಚಿತ್ರದಲ್ಲಿ ಬೇರೆ ಮೂಲೆ ಗುರುತಿಸಿದ್ದೀರಿ. ಅದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದು, ಹಂತ 2ರ ಕರಡು ಗೆರೆಯನ್ನು ಅಷ್ಟು ಮೀಟರ್ ಪಶ್ಚಿಮಕ್ಕೆ ಸರಿಸಿ. ಕ್ಯೂಜಿಐಎಸ್‌ನ ಟ್ರಾನ್ಸ್‌ಲೇಟ್ ಉಪಕರಣ ಈ ಕೆಲಸ ಮಾಡುತ್ತದೆ.

ಇಲ್ಲಿ ಎಡವುವ ಜಾಗ ಒಂದಿದೆ. ಕೆಎಂಎಲ್ ಕಡತ ಡಿಗ್ರಿಯಲ್ಲಿರುತ್ತದೆ. ಅದನ್ನು ಯುಟಿಎಂಗೆ ಬದಲಿಸದೆ 4 ಎಂದು ಹಾಕಿದರೆ ನಾಲ್ಕು ಮೀಟರ್ ಅಲ್ಲ, ನಾಲ್ಕು ಡಿಗ್ರಿ ಸರಿಯುತ್ತದೆ, ಅಂದರೆ ನಾನೂರು ಕಿಲೋಮೀಟರಿಗೂ ಹೆಚ್ಚು. ಗೆರೆ ಪರದೆಯಿಂದ ಮಾಯವಾದರೆ ಕಾರಣ ಇದೇ.

ಕಣಿವೆ ತಳದ ಬಿಂದುಗಳು ಒಂದು ಅಂಕೆ, ಮೇಲಿನವು ಇನ್ನೊಂದು ಅಂಕೆ ಹೇಳಿದರೆ ಗಾಬರಿಯಾಗಬೇಡಿ. ಗುಡ್ಡದ ಎತ್ತರವನ್ನು ಲೆಕ್ಕ ಹಿಡಿಯುವಾಗ ಚಿತ್ರದಲ್ಲಿ ಉಳಿದುಹೋದ ತಪ್ಪು ಅದು. ಘಟ್ಟದ ಮೇಲಿನ ನಮ್ಮ ತೋಟಗಳಲ್ಲಿ ಇದು ಸಾಮಾನ್ಯ. ಆಗ ತೋಟ ಇರುವ ಮಟ್ಟದ ಬಿಂದುಗಳ ಸರಾಸರಿಯನ್ನೇ ಬಳಸಿ.

ಇಡೀ ತೋಟ ಒಂದೇ ದಿಕ್ಕಿಗೆ ಸರಿದರೆ ಕ್ಷೇತ್ರಫಲ ಬದಲಾಗುವುದಿಲ್ಲ ಎಂಬುದನ್ನೂ ಗಮನಿಸಿ. ಬರೀ ಎಷ್ಟು ಗುಂಟೆ ಎಂದು ತಿಳಿಯಬೇಕಾದವರಿಗೆ ಹೀಗೆ ಸರಿದದ್ದು ಅಷ್ಟು ಮುಖ್ಯವಲ್ಲ. ಅಂಚು ಸುತ್ತಲೂ ಹಿಗ್ಗುವುದೇ ನಿಜವಾದ ಅಪಾಯ. 20 ಗುಂಟೆಯ ಚೌಕ ತೋಟದ ಒಂದು ಬದಿ ಸುಮಾರು 45 ಮೀಟರ್. ಸುತ್ತಲೂ 3 ಮೀಟರ್ ಹೊರಗೆ ಗೆರೆ ಎಳೆದರೆ ಬದಿ 51 ಆಗುತ್ತದೆ, ಕ್ಷೇತ್ರ 576 ಚದರ ಮೀಟರ್ ಹೆಚ್ಚುತ್ತದೆ. ಅಂದರೆ ಇಲ್ಲದ ಐದೂವರೆ ಗುಂಟೆಗೂ ಹೆಚ್ಚು. ಸೋಗೆಯ ಅಂಚನ್ನೇ ಗಡಿ ಎಂದುಕೊಂಡವರಿಗೆ ಆಗುವುದು ಇದು.

ಹಂತ 6: ತೋಟದೊಳಗೆ ಟೇಪ್ ಹಿಡಿಯಿರಿ

ಈಗ ಕಠಿಣ ಭಾಗ. ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಎರಡೂ ಬದಿ ಗುಡ್ಡ. ಇಂಥಲ್ಲಿ ಫೋನಿನ ತಪ್ಪು 10 ಮೀಟರ್ ದಾಟುವುದು ಸಾಮಾನ್ಯ, ಎಷ್ಟು ಹೊತ್ತು ನಿಂತರೂ ಅದು ಸುಧಾರಿಸದೆ ಇರಬಹುದು. ನಾನು ಮೊದಲ ಸಲ ನಮ್ಮ ತೋಟ ಅಳೆದಾಗ ಇಡೀ ಬೆಳಿಗ್ಗೆ ಕಾದಿಗೆ (ತೋಟದ ನೀರುಗಾಲುವೆ) ದಾಟಿ ದಾಟಿ ಸುತ್ತು ಹಾಕಿದ್ದೆ. ಮನೆಗೆ ಬಂದು ನೋಡಿದರೆ ಗೆರೆ ಮಕ್ಕಳು ಗೀಚಿದಂತಿತ್ತು, ಎರಡು ಕಡೆ ತನ್ನನ್ನೇ ತಾನು ಕತ್ತರಿಸಿಕೊಂಡಿತ್ತು. ನಡೆಯುತ್ತಾ ದಾಖಲಿಸುವ ಟ್ರ್ಯಾಕ್ ಅನ್ನು ಅಂದಿನಿಂದ ಮರದಡಿ ಬಳಸಿಲ್ಲ. ತೋಟದೊಳಗೆ ಜಿಪಿಎಸ್ ಬಂದ್ ಮಾಡಿಬಿಡಿ ಎನ್ನುವುದೇ ನನ್ನ ಸಲಹೆ.

ಅದರ ಬದಲು ಗಡಿಕಲ್ಲಿಗೆ ಹತ್ತಿರದ ಎರಡು ಬಯಲು ಬಿಂದುಗಳಿಂದ ಟೇಪ್ ಹಿಡಿಯಿರಿ. ಮೊದಲನೆಯದರಿಂದ ಕಲ್ಲಿಗೆ 22.4 ಮೀಟರ್, ಎರಡನೆಯದರಿಂದ 17.8 ಮೀಟರ್ ಎಂದಿರಲಿ. ಕ್ಯೂಜಿಐಎಸ್‌ನಲ್ಲಿ ಆ ಎರಡು ಬಿಂದುಗಳ ಸುತ್ತ ಅಷ್ಟಷ್ಟು ತ್ರಿಜ್ಯದ ವೃತ್ತ ಎಳೆದರೆ ಅವು ಎರಡು ಕಡೆ ಕೂಡುತ್ತವೆ. ನಿಮ್ಮ ಕಲ್ಲು ಯಾವ ಕಡೆಯದು ಎಂದು ನಿಮಗೇ ಗೊತ್ತು. ಕೂಡುವ ಜಾಗದಲ್ಲಿ ವೃತ್ತಗಳು ತೀರಾ ಓರೆಯಾಗಿ ಸವರಿಕೊಂಡು ಹೋಗಬಾರದು, ಆದಷ್ಟು ಅಡ್ಡಡ್ಡ ಕತ್ತರಿಸಬೇಕು. ಸಾಧ್ಯವಾದರೆ ಮೂರನೇ ಬಿಂದುವಿನಿಂದಲೂ ಒಂದು ಅಳತೆ ತನ್ನಿ. ಮೂರೂ ವೃತ್ತ ಅಂಗೈ ಅಗಲದಲ್ಲಿ ಕೂಡುವುದಿಲ್ಲ, ಆದರೆ ಒಂದೆರಡು ಮೀಟರಿನೊಳಗೆ ಬರಬೇಕು.

ಕಲ್ಲು ತೀರಾ ಒಳಗಿದ್ದು ಬಯಲಿನಿಂದ ಟೇಪ್ ಮುಟ್ಟದಿದ್ದರೆ ಸರಪಳಿ ಕಟ್ಟಬೇಕು. ಬಯಲು ಬಿಂದುವಿನಿಂದ ಕಣ್ಣಿಗೆ ಕಾಣುವ ತನಕ ಒಂದು ಗಳ, ಅಲ್ಲಿಂದ ಮುಂದೆ ಇನ್ನೊಂದು. ಪ್ರತಿ ತುಂಡಿನ ಉದ್ದ ಮತ್ತು ದಿಕ್ಸೂಚಿಯ ಕೋನ ಬರೆದುಕೊಳ್ಳುತ್ತಾ ಎಲ್ಲ ಕಲ್ಲು ಮುಟ್ಟಿ, ಕೊನೆಗೆ ಇನ್ನೊಂದು ಬಯಲು ಬಿಂದುವಿಗೆ ಬಂದು ಮುಗಿಸಿ. ಈ ಕೊನೆಯ ತುಂಡನ್ನು ಬಿಟ್ಟವರಿಗೆ ತಪ್ಪು ಎಷ್ಟಿದೆ ಎಂದು ಎಂದಿಗೂ ಗೊತ್ತಾಗುವುದಿಲ್ಲ. 200 ಮೀಟರ್ ನಡೆದು ಬಂದಾಗ ಒಂದೆರಡು ಮೀಟರ್ ಹೊಂದದಿದ್ದರೆ ಅದನ್ನು ಎಲ್ಲ ತುಂಡುಗಳಿಗೂ ಹಂಚಿ. ಐದು ಮೀಟರ್ ಹೊಂದದಿದ್ದರೆ ಎಲ್ಲೋ ಒಂದು ಕೋನ ತಪ್ಪಿದೆ, ಹಿಂತಿರುಗಿ ಹುಡುಕಿ.

ಕೋನ ತಪ್ಪುವುದು ಹೆಚ್ಚಾಗಿ ಕಬ್ಬಿಣದಿಂದ. ದಿಕ್ಸೂಚಿ ನೋಡುವವರ ಸೊಂಟದಲ್ಲಿ ಕತ್ತಿ ಇರಬಾರದು. ಪಂಪಿನ ಶೆಡ್, ಕಬ್ಬಿಣದ ಗೇಟು, ಬೈಕು ಹತ್ತಿರ ಇರಬಾರದು. 30 ಮೀಟರ್ ದೂರಕ್ಕೆ ಒಂದು ಡಿಗ್ರಿ ತಪ್ಪಿದರೆ ಅರ್ಧ ಮೀಟರ್, ಐದು ಡಿಗ್ರಿ ತಪ್ಪಿದರೆ ಎರಡೂವರೆ ಮೀಟರ್ ಆಚೆ. ಫೋನಿನ ದಿಕ್ಸೂಚಿಗಿಂತ ಕೈಯಲ್ಲಿ ಹಿಡಿಯುವ ಸಾದಾ ದಿಕ್ಸೂಚಿಯನ್ನೇ ನಾನು ನಂಬುತ್ತೇನೆ. ಪ್ರತಿ ತುಂಡನ್ನೂ ಎರಡೂ ತುದಿಯಿಂದ ನೋಡಿ, ಎರಡು ಕೋನಗಳ ನಡುವೆ 180 ಡಿಗ್ರಿ ಅಂತರ ಬರಬೇಕು.

ಹಂತ 7: ಇಳಿಜಾರಿನ ಲೆಕ್ಕ

ದಾಖಲೆಯ ಕ್ಷೇತ್ರವೂ ಚಿತ್ರದ ಕ್ಷೇತ್ರವೂ ಮೇಲಿನಿಂದ ನೋಡಿದ ಸಮತಟ್ಟಿನ ಕ್ಷೇತ್ರ. ಟೇಪನ್ನು ನೆಲಕ್ಕೆ ಹಾಸಿ ಗುಡ್ಡ ಹತ್ತಿದರೆ ಸಿಗುವುದು ಇಳಿಜಾರಿನ ಉದ್ದ, ಅದು ಯಾವಾಗಲೂ ಹೆಚ್ಚು. ಇಳಿಜಾರು 10 ಡಿಗ್ರಿ ಇದ್ದರೆ 100 ಅಡಿ ನಿಜಕ್ಕೆ 98.5 ಅಡಿ, 20 ಡಿಗ್ರಿಗೆ 94 ಅಡಿ, 30 ಡಿಗ್ರಿಗೆ 86.6 ಅಡಿ. 20 ಡಿಗ್ರಿ ಇಳಿಜಾರಿನಲ್ಲಿ ಟೇಪ್ ಹಾಸಿ ಒಂದು ಎಕರೆ ಅಳೆದರೆ ದಾಖಲೆಯ ಪ್ರಕಾರ ಅದು ಮೂವತ್ತೇಳೂವರೆ ಗುಂಟೆ. "ಟೇಪಿನಲ್ಲಿ ಅಳೆದಿದ್ದೇನೆ, ಸರ್ವೆಯರ್ ಕಡಿಮೆ ಬರೆದಿದ್ದಾರೆ" ಎಂದು ನೊಂದುಕೊಳ್ಳುವವರಲ್ಲಿ ಅನೇಕರ ಸಮಸ್ಯೆ ಇದೇ.

ಪರಿಹಾರ ಸುಲಭ. ಟೇಪನ್ನು ಮಟ್ಟಸವಾಗಿ ಹಿಡಿದು, ಕೆಳಗಿನ ತುದಿಯಿಂದ ತೂಗುಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ಐದು ಮೀಟರಿನ ತುಂಡು ಸಾಕು, ಉದ್ದ ಹಿಡಿದಷ್ಟೂ ಟೇಪ್ ಜೋಲುತ್ತದೆ.

ಹಂತ 8: ಗೆರೆ ಮುಚ್ಚಿ, ಬೇರೆ ದಾರಿಯಿಂದ ಪರೀಕ್ಷಿಸಿ

ಕಲ್ಲುಗಳನ್ನು ಸೇರಿಸಿ ಬಹುಭುಜ ಮಾಡಿ, ಚದರ ಮೀಟರಿನಲ್ಲಿ ಬಂದದ್ದನ್ನು 101.17ರಿಂದ ಭಾಗಿಸಿದರೆ ಗುಂಟೆ. ಹಳ್ಳ ಅಂಕುಡೊಂಕಾಗಿ ಗಡಿಯಾಗಿರುವಲ್ಲಿ ಮಾತ್ರ, ಕಲ್ಲುಗಳ ನಡುವಿನ ಆಕಾರವನ್ನು ಸರಿಸಿದ ಚಿತ್ರದ ಗೆರೆಯಿಂದ ತೆಗೆದುಕೊಳ್ಳಿ. ಚಿತ್ರ ನಿಜವಾಗಿ ಉಪಕಾರಕ್ಕೆ ಬರುವುದು ಇಲ್ಲಿ.

ಪರೀಕ್ಷೆಗೆ ನನಗೆ ಇಷ್ಟವಾದ ದಾರಿ ಮರದ ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ಸಾಲಾಗಿ ನೆಟ್ಟ ಹೊಸ ತೋಟದಲ್ಲಿ ಒಂದು ಮರಕ್ಕೆ 81 ಚದರಡಿ, ಎಕರೆಗೆ ಸುಮಾರು 538 ಮರ. ಮರ ಎಷ್ಟಿದೆ ಎಂಬುದು ಕೊನೆ ಕೊಯ್ಯುವವರಿಗೂ ಮನೆಯವರಿಗೂ ಬಾಯಿಪಾಠವಿರುತ್ತದೆ. ನಕ್ಷೆ 30 ಗುಂಟೆ ಎಂದು, ಮರ 540 ಇದ್ದರೆ ಎರಡರಲ್ಲಿ ಒಂದು ತಪ್ಪು, ಏಕೆಂದರೆ 30 ಗುಂಟೆಗೆ 403 ಮರವಷ್ಟೇ ಹಿಡಿಯುತ್ತದೆ. ಅಜ್ಜನ ಕಾಲದ ಹಳೆಯ ತೋಟದಲ್ಲಿ ಅಂತರ ಒಂದೇ ಸಮ ಇರುವುದಿಲ್ಲ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಪರೀಕ್ಷೆ: ಎರಡು ಕಲ್ಲುಗಳ ನಡುವಿನ, ನಕ್ಷೆ ಮಾಡುವಾಗ ಬಳಸದ ಒಂದು ದೂರವನ್ನು ಟೇಪಿನಲ್ಲಿ ಅಳೆದು ನಕ್ಷೆಯ ದೂರಕ್ಕೆ ಹೋಲಿಸಿ.

ಹಂತ 9: ಉಳಿಸುವುದು, ಕಳಿಸುವುದು

ಪ್ರತಿ ಕಲ್ಲಿನ ಫೋಟೋ ತೆಗೆಯಿರಿ, ಆದರೆ ಫೋಟೋದೊಳಗಿನ ಸ್ಥಾನವನ್ನು ಅಳತೆಗೆ ಬಳಸಬೇಡಿ. ಕ್ಯಾಮೆರಾ ಕೆಲವು ಸಲ ಸ್ವಲ್ಪ ಹೊತ್ತು ಹಿಂದಿನ ಸ್ಥಾನವನ್ನೇ ಅಂಟಿಸುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಕೆಎಂಎಲ್ ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಕೈಯಲ್ಲಿ ಬರೆಯುವಾಗ ತಿರುಗಿಸಿದರೆ ನಿಮ್ಮ ತೋಟ ನಾರ್ವೆಯ ಉತ್ತರದ ಸಮುದ್ರದಲ್ಲಿ ಕಾಣಿಸುತ್ತದೆ.

ಕರಾವಳಿಯವರಿಗೆ ಬೇರೆ ಎಚ್ಚರ

ಕಾರವಾರದಿಂದ ಭಟ್ಕಳದ ತನಕ ಆಕಾಶ ತೆರೆದಿದೆ, ಜಿಪಿಎಸ್ ಸುಲಭ. ಚಿತ್ರವೇ ಇಲ್ಲಿ ಮೋಸ ಮಾಡುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯನ್ನೇ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ನೋಡಿ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದ ಹೊತ್ತಿನ ಚಿತ್ರದಲ್ಲಿ ಒಡ್ಡಿನ ತಲೆ ಮಾತ್ರ ಕಾಣುತ್ತದೆ, ಇಳಿತದ ಚಿತ್ರದಲ್ಲಿ ಕೆಸರೂ ಗದ್ದೆಯಂತೆ ಕಾಣುತ್ತದೆ. ನೀರಿನ ಅಂಚನ್ನು ಗಡಿಯಾಗಿ ಎಳೆಯಬೇಡಿ, ಒಡ್ಡಿನ ನಡುಗೆರೆಯನ್ನೇ ಹಿಡಿಯಿರಿ. ಒಡ್ಡಿನ ಮೇಲೆ ಇಳಿತದ ಹೊತ್ತಿಗೆ ನಡೆಯಿರಿ. ಇಲ್ಲಿ ಟ್ರ್ಯಾಕ್ ಬಳಸಿದರೂ ತೊಂದರೆಯಿಲ್ಲ. ಆಧಾರ ಬಿಂದುವಾಗಿ ಮರಳ ದಂಡೆ ಬೇಡ, ಪ್ರತಿ ಮಳೆಗಾಲಕ್ಕೂ ಅದರ ಆಕಾರ ಬೇರೆ. ತೂಬಿನ ಕಲ್ಲುಕಟ್ಟೆ, ಸೇತುವೆಯ ಮೂಲೆ ಒಳ್ಳೆಯದು.

ಡ್ರೋನ್ ಹಾರಿಸಿ ಚಿತ್ರ ತೆಗೆಯುವ ಯೋಚನೆಯಿದ್ದರೆ ಮೊದಲು ಡಿಜಿಟಲ್ ಸ್ಕೈ ತಾಣದ ವಾಯುಪ್ರದೇಶ ನಕ್ಷೆ ನೋಡಿ. ಕಾರವಾರದ ಬಳಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 250 ಗ್ರಾಂನ ಪುಟ್ಟ ಡ್ರೋನ್‌ಗೆ ಪೈಲಟ್ ಪರವಾನಗಿ ಬೇಡ ಎಂಬ ಮಾತ್ರಕ್ಕೆ ಈ ನಿಯಮ ಸಡಿಲವಾಗುವುದಿಲ್ಲ.

ಇವು ಕಂಡರೆ ಅಲ್ಲೇ ನಿಲ್ಲಿಸಿ

ನೀವು ನಿಂತಲ್ಲೇ ನಿಂತಿದ್ದರೂ ಪರದೆಯ ಚುಕ್ಕೆ ನಡೆಯುತ್ತಿದ್ದರೆ ಸಂಕೇತ ಎಲ್ಲೋ ಬಡಿದು ಬರುತ್ತಿದೆ, ಜಾಗ ಬದಲಿಸಿ. ನೀವು ನಡೆದರೂ ಚುಕ್ಕೆ ಅಲುಗದೆ ಆಮೇಲೆ ಒಮ್ಮೆಲೇ ಹಾರಿದರೆ ಬ್ಯಾಟರಿ ಉಳಿತಾಯ ಮತ್ತೆ ಚಾಲೂ ಆಗಿದೆ. ನಿಖರತೆ ಥಟ್ಟನೆ 20, 30 ಮೀಟರಿನ ದುಂಡು ಅಂಕೆಗೆ ಬಂದು ಕೂತರೆ ಫೋನ್ ಉಪಗ್ರಹ ಬಿಟ್ಟು ಟವರಿನಿಂದ ಊಹಿಸುತ್ತಿರಬಹುದು. ಆಧಾರ ಬಿಂದುಗಳ ವ್ಯತ್ಯಾಸ ಒಂದೊಂದು ಒಂದೊಂದು ದಿಕ್ಕಿಗಿದ್ದರೆ ಚಿತ್ರವನ್ನು ಸರಿಸಲೇಬೇಡಿ, ಹಂತ 4ಕ್ಕೆ ಹಿಂತಿರುಗಿ. ಪಹಣಿಗೂ ನಿಮ್ಮ ಅಳತೆಗೂ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಂತರ ಬಂದರೆ ಪಕ್ಕದವರ ಮೇಲೆ ಅನುಮಾನಪಡುವ ಮೊದಲು ಖರಾಬು, ಇಳಿಜಾರು, ದಶಮಾಂಶ ಈ ಮೂರನ್ನು ಮತ್ತೆ ನೋಡಿ. ನಾನು ನೋಡಿದ ಹೆಚ್ಚಿನ ಪ್ರಕರಣ ಅಲ್ಲೇ ಬಗೆಹರಿದಿವೆ.

ಫೋನ್ ಸಾಲದ ಕೆಲಸ

ಜಾಗ ಕೊಳ್ಳುವಾಗ, ಹಿಸ್ಸೆ ಮಾಡುವಾಗ, ಗಡಿಯಲ್ಲಿ ಕಟ್ಟಡ ಎಬ್ಬಿಸುವಾಗ ಒಂದು ಮೀಟರ್ ತಪ್ಪೂ ದುಬಾರಿ. ಆಗ ಆರ್‌ಟಿಕೆ ಉಪಕರಣ ಇರುವ ಸರ್ವೆಯರ್ ಬೇಕು. ಸರ್ವೆ ಆಫ್ ಇಂಡಿಯಾದ ಸ್ಥಿರ ಕೇಂದ್ರಗಳ ಜಾಲದಿಂದ ತಿದ್ದುಪಡಿ ಪಡೆದು ಅದು ಸೆಂಟಿಮೀಟರ್ ಮಟ್ಟದಲ್ಲಿ ಅಳೆಯುತ್ತದೆ. ಆ ತಿದ್ದುಪಡಿ ಮೊಬೈಲ್ ಇಂಟರ್ನೆಟ್ ಮೂಲಕವೇ ಬರುವುದರಿಂದ ನಿಮ್ಮ ಕಣಿವೆಯಲ್ಲಿ ಯಾವ ಕಂಪನಿಯ ನೆಟ್‌ವರ್ಕ್ ಸಿಗುತ್ತದೆ ಎಂದು ಅವರು ಬರುವ ಮೊದಲೇ ತಿಳಿಸಿ. ದಟ್ಟ ಸೋಗೆಯಡಿ ಅದೂ ತಡಕಾಡುತ್ತದೆ, ಅವರೂ ಬಯಲಿನಿಂದ ಒಳಕ್ಕೆ ಬೇರೆ ಉಪಕರಣದಲ್ಲಿ ಅಳೆಯಬೇಕಾಗುತ್ತದೆ.

ಅವರು ಬಂದ ದಿನ ಒಂದು ಕೆಲಸ ಕೇಳಿ ಮಾಡಿಸಿಕೊಳ್ಳಿ. ನೀವು ಬಣ್ಣ ಹಾಕಿಟ್ಟ ಆಧಾರ ಬಿಂದುಗಳ ಮೇಲೂ ಅವರ ಗಳವನ್ನು ಐದೈದು ನಿಮಿಷ ನಿಲ್ಲಿಸಿ, ಬಂದ ಅಂಕೆಗಳನ್ನು ನೋಟುಪುಸ್ತಕಕ್ಕೆ ಬರೆದುಕೊಳ್ಳಿ. ನಿಮ್ಮ ಹಳೆಯ ನಕ್ಷೆಯನ್ನು ಆ ಅಂಕೆಗಳಿಗೆ ಹೊಂದಿಸಿದರೆ, ಅಳೆದ ಅಷ್ಟೂ ಕಲ್ಲುಗಳು ಮತ್ತೆ ತೋಟಕ್ಕೆ ಇಳಿಯದೆಯೇ ಸರಿಯಾದ ಜಾಗಕ್ಕೆ ಬರುತ್ತವೆ.